ಮೌನದ ದಿನಗಳ ಕೂಲಿ



ಕೈಯನ್ನೋ ಕಂಠವನ್ನೋ ಉಸಿರನ್ನೋ ನಂಬಿ ಬದುಕುವ ಸಂಗೀತಗಾರನಿಗೆ ಪೆಟ್ಟು ಬಿದ್ದಾಗ ಎರಡು ನಷ್ಟಗಳು ಒಟ್ಟಿಗೇ ಬರುತ್ತವೆ. ಒಂದು ದೇಹದ ನೋವು, ಮತ್ತೊಂದು ಅನ್ನದ ನಷ್ಟ. ಮೊದಲನೆಯದನ್ನು ಕಂಡು ಊರೆಲ್ಲ ಮರುಗುತ್ತದೆ. ಹಣ್ಣು ಹಿಡಿದು ಆಸ್ಪತ್ರೆಗೆ ಹೋಗುವವರಿದ್ದಾರೆ, ಬಲಿಪೂಜೆಯಲ್ಲಿ ಅವನ ಹೆಸರು ಹೇಳಿಸುವವರಿದ್ದಾರೆ. ಎರಡನೆಯದರ ಬಗ್ಗೆ ಮಾತನಾಡುವವರು ಅಪರೂಪ. ಅವನು ಮತ್ತೆ ವೇದಿಕೆ ಹತ್ತುವ ದಿನ ಚಪ್ಪಾಳೆ ತಟ್ಟಲು ಸಿದ್ಧವಾಗಿರುವ ಸಮಾಜವು, ಅವನು ಹತ್ತಲಾರದ ದಿನಗಳಲ್ಲಿ ಮನೆಯ ಒಲೆ ಹೇಗೆ ಉರಿಯಿತೆಂದು ಕೇಳುವುದಿಲ್ಲ. ಈ ವಾರ ಅದನ್ನು ಕುರಿತು ವಿಚಾರ ಮಾಡೋಣ.

ನಾವು ಹೇಳುತ್ತಿರುವುದು ದೊಡ್ಡ ಹೆಸರಿನ ಕಲಾವಿದರ ಮಾತನ್ನಷ್ಟೇ ಅಲ್ಲ. ಆಲ್ಕೊಳದಿಂದ ಭದ್ರಾವತಿಯವರೆಗೆ ಎಷ್ಟು ಧರ್ಮಕೇಂದ್ರಗಳಿವೆಯೋ ಅಷ್ಟು ಕಡೆಯೂ ಇಂಥವರಿದ್ದಾರೆ. ಭಾನುವಾರ ದೇವಾಲಯದಲ್ಲಿ ಕೀಬೋರ್ಡ್ ನುಡಿಸಿ, ಸೋಮವಾರ ಮದುವೆಯ ಆರ್ಕೆಸ್ಟ್ರಾಕ್ಕೆ ಹೋಗುವ ಯುವಕ. ಹಬ್ಬದ ಮೆರವಣಿಗೆಗೂ ಶವಯಾತ್ರೆಗೂ ಬ್ಯಾಂಡಿನಲ್ಲಿ ಟ್ರಂಪೆಟ್ ಊದುವ ಮಧ್ಯವಯಸ್ಕ. ಮಕ್ಕಳಿಗೆ ಸಂಗೀತ ಪಾಠ ಹೇಳುತ್ತ ಗಾನವೃಂದವನ್ನು ನಡೆಸುವ ತಾಯಿ. ಇವರಿಗೆ ತಿಂಗಳ ಸಂಬಳವಿಲ್ಲ. ನುಡಿಸಿದ ದಿನ ದುಡಿಮೆ, ನುಡಿಸದ ದಿನ ಬರಿಗೈ. ತಪಸ್ಸುಕಾಲದಲ್ಲಿಯೂ ಆಗಮನ ಕಾಲದಲ್ಲಿಯೂ ನಮ್ಮಲ್ಲಿ ಮದುವೆಗಳು ಕಡಿಮೆಯಾದ್ದರಿಂದ ವರ್ಷದಲ್ಲಿ ಕೆಲವು ತಿಂಗಳು ಮೊದಲೇ ಬಡವಾಗಿರುತ್ತವೆ. ಅಂಥವರಲ್ಲೊಬ್ಬ ಸ್ಕೂಟರಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡನೆಂದರೆ ಆ ಮನೆಯ ಲೆಕ್ಕಾಚಾರವೆಲ್ಲ ಒಂದೇ ದಿನದಲ್ಲಿ ತಲೆಕೆಳಗಾಗುತ್ತದೆ.

ಭದ್ರಾವತಿಯವರಿಗೆ ಈ ಮಾತು ಬೇಗನೆ ಅರ್ಥವಾಗಬೇಕು, ಏಕೆಂದರೆ ಅದು ಕಾರ್ಖಾನೆಯ ಸುತ್ತ ಬೆಳೆದ ಊರು. ಅಲ್ಲಿಯ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರಲ್ಲಿ. ಅದೇ ವರ್ಷ ಬ್ರಿಟಿಷ್ ಆಡಳಿತದ ಭಾರತದಲ್ಲಿ, ಕೆಲಸದ ವೇಳೆ ಗಾಯಗೊಂಡ ಕಾರ್ಮಿಕನಿಗೆ ಪರಿಹಾರ ಕೊಡಬೇಕೆಂಬ ಕಾಯ್ದೆ ರೂಪುಗೊಂಡಿತು. ಸ್ವಾತಂತ್ರ್ಯ ಬಂದ ಮೇಲೆ 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯ್ದೆಯು, ಕಾಯಿಲೆಯಿಂದ ಮಲಗಿದ ಕಾರ್ಮಿಕನ ಕೈಗೂ ಸಂಬಳದ ಒಂದು ಪಾಲು ಸೇರುವ ವ್ಯವಸ್ಥೆ ಮಾಡಿತು. ಇವುಗಳ ಹಿಂದಿರುವ ತತ್ತ್ವ ಸರಳವಾದುದು. ಯಾರ ದುಡಿಮೆಯ ಫಲವನ್ನು ನಾವು ಉಣ್ಣುತ್ತೇವೆಯೋ, ಅವರು ದುಡಿಯಲಾಗದ ದಿನಗಳ ಹೊಣೆಯಲ್ಲಿ ನಮಗೂ ಪಾಲಿದೆ. ಯಂತ್ರಕ್ಕೆ ಬೆರಳು ಕೊಟ್ಟ ಕಾರ್ಮಿಕನ ವಿಷಯದಲ್ಲಿ ಇದನ್ನು ಒಪ್ಪಿಕೊಂಡ ಸಮಾಜವು, ಬೆರಳಿನಿಂದಲೇ ನಮ್ಮ ಹಬ್ಬಗಳಿಗೆ ಕಳೆ ತಂದವನ ವಿಷಯದಲ್ಲಿ ಒಪ್ಪಿಕೊಳ್ಳಲು ಏಕೆ ಹಿಂಜರಿಯಬೇಕು?

ಇಲ್ಲಿ ಕನ್ನಡನಾಡಿನ ಒಬ್ಬ ಮಹಾನ್ ಗಾಯಕರ ಜೀವನವನ್ನು ನೆನೆಯುವುದು ಉಚಿತ. ಬೆಳಗಾವಿ ಜಿಲ್ಲೆಯ ಸೂಳೆಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದ ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠ ಎಂಬ ಬಾಲಕ, ಎಳೆಯ ವಯಸ್ಸಿನಲ್ಲಿಯೇ ದೊಡ್ಡವರಂತೆ ಹಾಡಿ ಜನರನ್ನು ಬೆರಗುಗೊಳಿಸಿದ. ಕುಮಾರ ಗಂಧರ್ವ ಎಂಬ ಹೆಸರು ಅವನಿಗೆ ಬಾಲ್ಯದಲ್ಲಿಯೇ ಬಂದುದು. ಮುಂಬಯಿಯಲ್ಲಿ ಬಿ. ಆರ್. ದೇವಧರರ ಬಳಿ ಶಿಕ್ಷಣ ಪಡೆದು, ಇಪ್ಪತ್ತರ ಆಸುಪಾಸಿನಲ್ಲಿಯೇ ದೇಶದಾದ್ಯಂತ ಹೆಸರು ಗಳಿಸಿದರು. 1947ರಲ್ಲಿ, ತಾವೂ ಗಾಯಕಿಯಾಗಿದ್ದ ಭಾನುಮತಿಯವರನ್ನು ವಿವಾಹವಾದರು. ಮುಂದಿನ ದಾರಿಯೆಲ್ಲ ಹೂವಿನ ಹಾಸಿಗೆಯೆಂದು ತೋರುತ್ತಿದ್ದಾಗಲೇ ಕ್ಷಯರೋಗ ಅವರ ಶ್ವಾಸಕೋಶವನ್ನು ಹಿಡಿಯಿತು.

ಒಣಹವೆಯನ್ನು ಅರಸಿ ದಂಪತಿಗಳು 1948ರ ಆರಂಭದಲ್ಲಿ ಮಧ್ಯಭಾರತದ ದೇವಾಸ್ ಎಂಬ ಊರಿಗೆ ಹೋಗಿ ನೆಲೆಸಿದರು. ಹಾಡಬಾರದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಗಾಯಕನೊಬ್ಬನಿಗೆ ಇದಕ್ಕಿಂತ ದೊಡ್ಡ ಗಾಯ ಯಾವುದಿದ್ದೀತು? ಹಾಡದೆ ಮಲಗಿದ ಆ ಕಾಲ ವಾರಗಳಲ್ಲ, ತಿಂಗಳುಗಳಲ್ಲ, ಐದಾರು ವರ್ಷಗಳು. 1943ರಲ್ಲಿ ಅಮೆರಿಕದಲ್ಲಿ ಕಂಡುಹಿಡಿಯಲ್ಪಟ್ಟು ಆಗಷ್ಟೇ ಬಳಕೆಗೆ ಬರುತ್ತಿದ್ದ ಸ್ಟ್ರೆಪ್ಟೋಮೈಸಿನ್ ಎಂಬ ಔಷಧ ಅವರನ್ನು ಉಳಿಸಿತು. ಒಂದು ಶ್ವಾಸಕೋಶ ಮಾತ್ರ ಮತ್ತೆ ಕೆಲಸಕ್ಕೆ ಬಾರದಂತಾಯಿತು. 1953ರಲ್ಲಿ ಅವರು ಪುನಃ ಕಛೇರಿಗೆ ಕುಳಿತಾಗ, ಎರಡು ಶ್ವಾಸಕೋಶಗಳಿಂದ ಹಾಡುತ್ತಿದ್ದ ಹಿಂದಿನ ಕುಮಾರ ಗಂಧರ್ವರು ಅಲ್ಲಿರಲಿಲ್ಲ. ಬಂದವರು ಬೇರೆಯೇ ಆದ ಗಾಯಕರು. ಉಸಿರು ಎಷ್ಟಿದೆಯೋ ಅಷ್ಟರಲ್ಲೇ ಸ್ವರವನ್ನು ಕಟ್ಟುವ, ಚಿಕ್ಕ ಚಿಕ್ಕ ತುಣುಕುಗಳಲ್ಲಿ ರಾಗವನ್ನು ಬಿಡಿಸುವ, ನಡುನಡುವಿನ ಮೌನವನ್ನೂ ಸಂಗೀತವಾಗಿಸುವ ಹೊಸ ಗಾಯನ ಅದಾಗಿತ್ತು. ಸಂಪ್ರದಾಯವಾದಿಗಳು ಆಕ್ಷೇಪಿಸಿದರು. ಕೇಳುಗರು ಮಾತ್ರ ಕೇಳಿದರು. ಮುಂದೆ 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಗೌರವಗಳು ಅವರಿಗೆ ಸಂದವು. 1992ರ ಜನವರಿ 12ರಂದು ದೇವಾಸ್‌ನಲ್ಲಿಯೇ ತೀರಿಕೊಂಡರು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಗಾಯಕರ ಛಲವನ್ನು ಕೊಂಡಾಡಿ ಮುಗಿಸುತ್ತಾರೆ. ಛಲವಿತ್ತು, ನಿಜ. ಆದರೆ ಛಲವೊಂದೇ ಯಾರನ್ನೂ ಐದಾರು ವರ್ಷ ಸಾಕಲಾರದು. ಆ ದಿನಗಳಲ್ಲಿ ಭಾನುಮತಿಯವರು ಶಾಲೆಯೊಂದರಲ್ಲಿ ಅಧ್ಯಾಪಕಿಯಾಗಿ ದುಡಿದರು, ದುಡಿದು ಬಂದು ರೋಗಿಯ ಶುಶ್ರೂಷೆ ಮಾಡಿದರು. ಮನೆಗೆ ಅನ್ನ ಬರುತ್ತಿದ್ದುದರಿಂದಲೇ ಗಂಡನಿಗೆ ಸುಮ್ಮನಿರುವ ಅವಕಾಶ ದೊರೆಯಿತು. ಅನ್ನ ಬಾರದಿದ್ದರೆ ಏನಾಗುತ್ತಿತ್ತು? ಎರಡನೆಯ ವರ್ಷವೋ ಮೂರನೆಯ ವರ್ಷವೋ ವೈದ್ಯರ ಮಾತನ್ನು ಮೀರಿ ಆ ಗಾಯಕರು ಹಾಡಲು ಹೋಗಬೇಕಾಗಬಹುದಿತ್ತು. ಆಗ ನಮಗೆ ಉಳಿಯುತ್ತಿದ್ದುದು ಅಲ್ಪಾಯುಷಿಯಾದ ಒಬ್ಬ ಬಾಲಪ್ರತಿಭೆಯ ನೆನಪು ಮಾತ್ರ. 1961ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲಿಯೇ ಅಗಲಿದ ಆ ತಾಯಿಯ ಹೆಸರನ್ನು ಗಂಡನ ಹೆಸರಿನ ಜೊತೆಗೇ ಸ್ಮರಿಸುವುದು ನ್ಯಾಯವೆಂದು ನಮಗೆ ತೋರುತ್ತದೆ.

ಮತ್ತೊಂದು ಅಂಶವನ್ನೂ ಗಮನಿಸಬೇಕು. ಹಾಡದೆ ಮಲಗಿದ್ದ ಕಾಲ ಅವರಿಗೆ ವ್ಯರ್ಥವಾಗಲಿಲ್ಲ. ಮಾಳವದ ಹೆಂಗಸರ ಹಾಡುಗಳನ್ನೂ ಬೀದಿಯಲ್ಲಿ ಹೋಗುವ ಭಿಕ್ಷುಕರ ನಿರ್ಗುಣ ಭಜನೆಗಳನ್ನೂ ಅವರು ಹಾಸಿಗೆಯಿಂದಲೇ ಕೇಳಿದರು. ಮುಂದೆ ಮಾಳವದ ಜಾನಪದ ಧಾಟಿಗಳಿಂದಲೇ ಹೊಸ ರಾಗಗಳನ್ನು ಕಟ್ಟಿದರು. ಕಬೀರರ ಪದಗಳಿಗೆ ಅವರು ಕೊಟ್ಟ ಧ್ವನಿಯನ್ನು ಇಂದಿಗೂ ಜನ ಮರೆತಿಲ್ಲ. ಹಾಡುವುದನ್ನು ನಿಲ್ಲಿಸಿದಾಗಲೂ ಅವರು ಸಂಗೀತಗಾರರಾಗಿಯೇ ಇದ್ದರು.

ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದಿದವರಿಗೆಲ್ಲ ಇಲ್ಲಿ ಒಂದು ಹಳೆಯ ವಾದ ನೆನಪಾಗುತ್ತದೆ. ಗ್ರೀಸ್ ದೇಶದ ಮೆಗಾರ ಎಂಬ ಊರಿನ ತಾರ್ಕಿಕರು, ಒಬ್ಬನು ಕೆಲಸ ಮಾಡುತ್ತಿರುವಾಗ ಮಾತ್ರ ಅವನಿಗೆ ಆ ಶಕ್ತಿ ಇದೆ, ಮಾಡದಿರುವಾಗ ಇಲ್ಲ ಎಂದು ವಾದಿಸುತ್ತಿದ್ದರು. ಅರಿಸ್ಟಾಟಲ್ ಅವರನ್ನು ಒಂದು ಸಾಮಾನ್ಯ ಪ್ರಶ್ನೆಯಿಂದ ಎದುರಿಸಿದ. ಮನೆ ಕಟ್ಟುವ ಮೇಸ್ತ್ರಿ ಕೆಲಸ ನಿಲ್ಲಿಸಿದ ಕ್ಷಣವೇ ಅವನ ವಿದ್ಯೆ ಹೋಗಿಬಿಡುವುದಾದರೆ, ಮತ್ತೆ ಕರಣೆ ಹಿಡಿದ ಕೂಡಲೇ ಅದು ಎಲ್ಲಿಂದ ಬರುತ್ತದೆ? ಆದ್ದರಿಂದ ವಿದ್ಯೆಯನ್ನು ಹೊಂದಿರುವುದು ಬೇರೆ, ಅದನ್ನು ಪ್ರಯೋಗಿಸುವುದು ಬೇರೆ. ಸಂತ ತೋಮಾಸ್ ಅಕ್ವಿನಾಸರು ಈ ವಿಚಾರವನ್ನು ಮುಂದುವರಿಸಿ, ಅಭ್ಯಾಸದಿಂದ ಬೇರೂರಿದ ಗುಣವು ಸುಲಭವಾಗಿ ಅಳಿಯದು, ಆದರೆ ಬಹುಕಾಲ ಬಳಸದಿದ್ದರೆ ಕ್ಷೀಣಿಸುತ್ತದೆ ಎಂದು ವಿವರಿಸಿದರು.

ಕಾರ್ಯಕ್ರಮ ನಡೆದ ದಿನ ಮಾತ್ರ ಲಕೋಟೆಯಲ್ಲಿ ಹಣವಿಟ್ಟು ಕೊಡುವ ನಮ್ಮ ಪದ್ಧತಿ, ತಿಳಿದೋ ತಿಳಿಯದೆಯೋ, ಮೆಗಾರದವರ ಪಕ್ಷವನ್ನು ಹಿಡಿದಿದೆ. ನುಡಿಸುತ್ತಿರುವಾಗ ಆತ ಸಂಗೀತಗಾರ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡಾಗ ಯಾರೂ ಅಲ್ಲ! ಹದಿನೈದು ವರ್ಷ ಸಾಧನೆ ಮಾಡಿದ ಕೈ ಎರಡು ಗಂಟೆಯ ಮದುವೆಯಲ್ಲಿ ನುಡಿಸಿದಾಗ ನಾವು ಕೊಡುವುದು ಆ ಎರಡು ಗಂಟೆಯ ಬೆಲೆಯನ್ನಷ್ಟೇ ಎಂದು ತಿಳಿದರೆ ಅದು ತಪ್ಪು ಲೆಕ್ಕ. ಆ ಹದಿನೈದು ವರ್ಷಗಳ ಫಲವನ್ನು ನಾವು ಅನುಭವಿಸುತ್ತಿದ್ದೇವೆ.

ಅವಸರದ ಅಪಾಯವನ್ನು ತಿಳಿಯಲು ಹೊರದೇಶದ ಒಂದು ಉದಾಹರಣೆ ಸಾಕು. ಅಮೆರಿಕದ ಲಿಯಾನ್ ಫ್ಲೈಶರ್ ಎಂಬ ಪಿಯಾನೋ ವಾದಕರು 1952ರಲ್ಲಿ ಬ್ರಸೆಲ್ಸ್ ನಗರದ ಪ್ರಸಿದ್ಧ ಸ್ಪರ್ಧೆಯನ್ನು ಗೆದ್ದವರು. 1960ರ ದಶಕದ ನಡುವಿನಲ್ಲಿ ಅವರ ಬಲಗೈಯ ಕೊನೆಯ ಎರಡು ಬೆರಳುಗಳು ತಾವಾಗಿಯೇ ಅಂಗೈಯೊಳಕ್ಕೆ ಮಡಚಿಕೊಳ್ಳತೊಡಗಿದವು. ಮಿದುಳು ಸ್ನಾಯುಗಳಿಗೆ ಕೊಡುವ ಆಜ್ಞೆಯೇ ತಪ್ಪಿಹೋಗುವ ತೊಂದರೆ ಅದೆಂದು ಬಹಳ ತಡವಾಗಿ ತಿಳಿಯಿತು. ಎಡಗೈಗೆಂದೇ ರಚಿಸಿದ ಕೃತಿಗಳನ್ನು ನುಡಿಸುತ್ತ, ವಾದ್ಯವೃಂದವನ್ನು ನಿರ್ದೇಶಿಸುತ್ತ, ಶಿಷ್ಯರಿಗೆ ಪಾಠ ಹೇಳುತ್ತ ಅವರು ಸಂಗೀತದಲ್ಲಿಯೇ ಉಳಿದರು. 1982ರಲ್ಲಿ ಬಾಲ್ಟಿಮೋರ್ ನಗರದ ಹೊಸ ಸಭಾಂಗಣದ ಉದ್ಘಾಟನೆಯಂದು ಎರಡೂ ಕೈಗಳಿಂದ ನುಡಿಸಿದರು. ಸಭೆ ಹರ್ಷಿಸಿತು. ಕೈ ಇನ್ನೂ ಸಿದ್ಧವಾಗಿಲ್ಲವೆಂಬುದು ನುಡಿಸಿದವರಿಗೆ ಗೊತ್ತಿತ್ತು. ಅವರು ಮತ್ತೆ ಎಡಗೈಗೆ ಹಿಂತಿರುಗಿದರು. 1990ರ ದಶಕದಲ್ಲಿ ಹೊಸ ಚಿಕಿತ್ಸೆ ದೊರೆತ ಮೇಲೆಯೇ ಬಲಗೈ ಸ್ವಲ್ಪ ಸ್ವಲ್ಪವಾಗಿ ಸಡಿಲಿತು. 2004ರಲ್ಲಿ ಎರಡು ಕೈಗಳ ವಾದನದ ಧ್ವನಿಮುದ್ರಿಕೆ ಹೊರಬಂದಿತು. ರೋಗ ಆಗಲೂ ಪೂರ್ತಿ ವಾಸಿಯಾಗಿರಲಿಲ್ಲ, ಚಿಕಿತ್ಸೆ ಮುಂದುವರಿಯಬೇಕಾಗಿತ್ತು. 2020ರಲ್ಲಿ ಅವರು ನಿಧನರಾದರು. ಸಭೆಯ ಚಪ್ಪಾಳೆ ಎಷ್ಟೇ ಜೋರಾಗಿದ್ದರೂ ಅದು ಸ್ನಾಯುವನ್ನು ವಾಸಿಮಾಡಲಾರದು.

ಹಿಂದಿನ ಸ್ಥಿತಿಗೆ ಮರಳಲು ಎಂದಿಗೂ ಸಾಧ್ಯವಿಲ್ಲದವರೂ ಇದ್ದಾರೆ. ವಿಯೆನ್ನಾ ನಗರದ ಪಾಲ್ ವಿಟ್ಗೆನ್‌ಸ್ಟೈನ್ 1914ರಲ್ಲಿ ಮೊದಲನೆಯ ಮಹಾಯುದ್ಧದಲ್ಲಿ ಬಲಗೈಯನ್ನೇ ಕಳೆದುಕೊಂಡರು. ತತ್ತ್ವಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತರಾದ ಲುಡ್ವಿಗ್ ವಿಟ್ಗೆನ್‌ಸ್ಟೈನರ ಅಣ್ಣ ಇವರು. ಸೈಬೀರಿಯದ ಸೆರೆಯಲ್ಲಿದ್ದಾಗ ಮರದ ಪೆಟ್ಟಿಗೆಯ ಮೇಲೆ ಎಡಗೈಯ ಬೆರಳುಗಳನ್ನು ಆಡಿಸಿ ಅಭ್ಯಾಸ ಮಾಡಿದರು. ಮುಂದೆ ಫ್ರಾನ್ಸ್ ದೇಶದ ರಾವೆಲ್ ಅವರಿಗಾಗಿ ಎಡಗೈಯೊಂದಕ್ಕೇ ರಚಿಸಿದ ಕೃತಿಯು 1932ರಲ್ಲಿ ವಿಯೆನ್ನಾದಲ್ಲಿ ಮೊದಲು ಕೇಳಿಬಂದಿತು. ಇವರು ಶ್ರೀಮಂತ ಮನೆತನದವರು. ದೊಡ್ಡ ದೊಡ್ಡ ರಚನಕಾರರಿಗೆ ಹಣ ಕೊಟ್ಟು ಕೃತಿಗಳನ್ನು ಬರೆಸುವ ಶಕ್ತಿ ಅವರಿಗಿತ್ತು. ಕುಮಾರ ಗಂಧರ್ವರಿಗೆ ಭಾನುಮತಿಯವರ ದುಡಿಮೆಯಿತ್ತು, ಫ್ಲೈಶರರಿಗೆ ಅಧ್ಯಾಪಕ ವೃತ್ತಿಯಿತ್ತು, ವಿಟ್ಗೆನ್‌ಸ್ಟೈನರಿಗೆ ಪಿತ್ರಾರ್ಜಿತವಿತ್ತು. ಮರಳಿ ಬಂದ ಪ್ರತಿಯೊಬ್ಬರ ಹಿಂದೆಯೂ ಯಾವುದೋ ಒಂದು ಅನ್ನದ ಮೂಲವಿತ್ತು. ನಮ್ಮ ಬ್ಯಾಂಡಿನವನ ಹಿಂದೆ ಏನಿದೆ?

ವೈದ್ಯರು ಹೇಳುವ ಮಾತುಗಳನ್ನೂ ನಮ್ಮ ಕುಟುಂಬಗಳು ತಿಳಿದಿರಬೇಕು. ಮುರಿದ ಮಣಿಕಟ್ಟಿನ ಪ್ಲಾಸ್ಟರನ್ನು ಸಾಮಾನ್ಯವಾಗಿ ಸುಮಾರು 6 ವಾರಗಳಲ್ಲಿ ತೆಗೆಯುತ್ತಾರೆ. ಪ್ಲಾಸ್ಟರ್ ತೆಗೆದ ದಿನವೇ ಕೈ ಗುಣವಾಯಿತೆಂದು ನೆರೆಹೊರೆಯವರು ತಿಳಿಯುತ್ತಾರೆ. ಆದರೆ ಆ ದಿನ ಕೀಲು ಬಿಗಿದಿರುತ್ತದೆ, ಸ್ನಾಯು ಸೊರಗಿರುತ್ತದೆ. ಸೂಕ್ಷ್ಮವಾದ ಚಲನೆಗಳು ಮರಳಲು ಮತ್ತೆ ತಿಂಗಳುಗಳೇ ಬೇಕಾಗಬಹುದು. ಅತಿಯಾದ ಅಭ್ಯಾಸದಿಂದ ಸ್ನಾಯುರಜ್ಜುಗಳು ನೋಯುವ ಸಂದರ್ಭದಲ್ಲಿ ಹೊರಗೆ ಕಾಣುವ ಗಾಯವೇ ಇರುವುದಿಲ್ಲವಾದ್ದರಿಂದ, ನೋವನ್ನು ನೆಪವೆಂದು ತಿಳಿಯುವವರೂ ಉಂಟು. ಹಾಡುವವರ ಧ್ವನಿತಂತುಗಳ ಮೇಲೆ ಗಂಟುಗಳೆದ್ದಾಗ ಧ್ವನಿಗೆ ವಿಶ್ರಾಂತಿಯೂ ತಜ್ಞರ ತರಬೇತಿಯೂ ಬೇಕು. ಕಷಾಯ ಕುಡಿದು ಹಬ್ಬಕ್ಕೆ ಹಾಡಿಬಿಡುವುದು ಪರಿಹಾರವಲ್ಲ. ಮರಳುವ ದಾರಿಯಲ್ಲಿ ಕೆಲವೇ ನಿಮಿಷಗಳ ನಿಧಾನದ ಅಭ್ಯಾಸ, ನಡುವೆ ಬಿಡುವು, ನೋವು ಕಂಡ ಕೂಡಲೇ ನಿಲ್ಲಿಸುವ ವಿವೇಕ ಇವು ಬೇಕು. ಮನೆಯಲ್ಲಿ ಅಕ್ಕಿ ಮುಗಿದಿದ್ದರೆ ಈ ವಿವೇಕಕ್ಕೆ ಜಾಗವಿಲ್ಲ. ಸಾಲಗಾರ ಬಾಗಿಲಲ್ಲಿ ನಿಂತಿರುವಾಗ ನೋಯುವ ಕೈಯಲ್ಲಿಯೇ ಆತ ಕಾರ್ಯಕ್ರಮ ಒಪ್ಪಿಕೊಳ್ಳುತ್ತಾನೆ, ಮೂರು ತಿಂಗಳಲ್ಲಿ ಮಾಯಬೇಕಾದುದು ಜೀವನಪರ್ಯಂತ ಉಳಿಯುತ್ತದೆ.

ಹಾಗಾದರೆ ಏನು ಮಾಡಬಹುದು? ನಮ್ಮ ಸಲಹೆಗಳು ದೊಡ್ಡವಲ್ಲ.

ಮೊದಲನೆಯದಾಗಿ, ಧರ್ಮಕೇಂದ್ರದಲ್ಲಿ ನಿಯಮಿತವಾಗಿ ನುಡಿಸುವವರಿಗೆ, ಹಾಡಿಸುವವರಿಗೆ ಅಪಘಾತವೋ ಕಾಯಿಲೆಯೋ ಬಂದಾಗ, ವೈದ್ಯರು ಹೇಳಿದಷ್ಟು ಕಾಲ ಅವರಿಗೆ ಸಲ್ಲುತ್ತಿದ್ದ ಗೌರವಧನವನ್ನು ನಿಲ್ಲಿಸಬಾರದು. ಅವರ ಸ್ಥಾನದಲ್ಲಿ ನುಡಿಸುವ ಕಿರಿಯನಿಗೂ ಅವನ ಪಾಲನ್ನು ಕೊಡಬೇಕು. ಒಬ್ಬನ ತಟ್ಟೆಯಿಂದ ಕಿತ್ತು ಇನ್ನೊಬ್ಬನಿಗೆ ಬಡಿಸುವುದು ಪರಿಹಾರವಲ್ಲ. ಮದುವೆಗೆ ಮುಂಗಡ ಕೊಟ್ಟಿರುವ ಮನೆಯವರು, ಕೈ ಮುರಿದುಕೊಂಡವನಿಂದ ಅದನ್ನು ಮರಳಿ ಕೇಳುವ ಮುನ್ನ ಒಮ್ಮೆ ಯೋಚಿಸಲಿ.

ಎರಡನೆಯದಾಗಿ, ನುಡಿಸಲಾಗದವನಿಗೆ ಸಂಗೀತದ ಬೇರೆ ಕೆಲಸಗಳನ್ನು ಕೊಡಬಹುದು. ಮಕ್ಕಳಿಗೆ ಸ್ವರಪಾಠ, ಗಾನವೃಂದದ ತಾಲೀಮು, ಹರಿದುಹೋದ ಗೀತಪುಸ್ತಕಗಳನ್ನು ಹೊಸದಾಗಿ ಸಿದ್ಧಪಡಿಸುವುದು, ಹಳೆಯ ಹಿರಿಯರ ಬಾಯಲ್ಲಷ್ಟೇ ಉಳಿದಿರುವ ಧಾಟಿಗಳನ್ನು ಬರೆದಿಡುವುದು. ಇದು ಕನಿಕರದ ಕೆಲಸವಲ್ಲ. ಬಳಸದ ವಿದ್ಯೆ ಕ್ಷೀಣಿಸುತ್ತದೆ. ಕೈಗೆ ವಿಶ್ರಾಂತಿ ಬೇಕಾದಾಗ ಕಿವಿಗೂ ಬುದ್ಧಿಗೂ ಕೆಲಸವಿದ್ದರೆ ವಿದ್ಯೆ ಉಳಿಯುತ್ತದೆ.

ಮೂರನೆಯದಾಗಿ, ನಮ್ಮ ಮಾತುಗಳಲ್ಲಿ ಸ್ವಲ್ಪ ಎಚ್ಚರ. ದೇವಾಲಯದ ಅಂಗಳದಲ್ಲಿ ಕಂಡಾಗಲೆಲ್ಲ "ಏನಪ್ಪಾ, ಮತ್ತೆ ಯಾವಾಗ ನುಡಿಸ್ತೀಯ? ಕ್ರಿಸ್ಮಸ್ ಹತ್ತಿರ ಬಂತಲ್ಲ" ಎಂದು ಕೇಳುವುದು ಪ್ರೀತಿಯಿಂದಲೇ ಇರಬಹುದು. ಉತ್ತರ ಗೊತ್ತಿಲ್ಲದವನಿಗೆ ಅದು ಪ್ರತಿ ವಾರವೂ ಹೊರಬೇಕಾದ ಹೊರೆ. "ಕೈ ಹೇಗಿದೆ? ಮನೆಯಲ್ಲಿ ಏನಾದರೂ ಬೇಕೇನಪ್ಪಾ?" ಎಂದು ಕೇಳಿದರೆ ಸಾಕು.

ನಾಲ್ಕನೆಯದಾಗಿ, ಮರಳುವಿಕೆ ಸಣ್ಣದಾಗಿರಲಿ. ಊರ ಹಬ್ಬದ ದಿನವೋ ಕ್ರಿಸ್ಮಸ್ ರಾತ್ರಿಯ ಬಲಿಪೂಜೆಯಲ್ಲೋ ಅದನ್ನು ಏರ್ಪಡಿಸಿ, ಹಾರ ಹಾಕಿ, ಫೋಟೋ ತೆಗೆಸುವುದು ಬೇಡ. ವಾರದ ದಿನದ ಬೆಳಗಿನ ಪೂಜೆಯಲ್ಲಿ ಒಂದು ಗೀತೆ, ಮುಂದಿನ ವಾರ ಎರಡು, ಪಕ್ಕದಲ್ಲಿ ಅಗತ್ಯಬಿದ್ದರೆ ಕೈಗೂಡಿಸಲು ಕಿರಿಯನೊಬ್ಬ. ಹೀಗೆ ಬಂದವನು ಬಹುಕಾಲ ಉಳಿಯುತ್ತಾನೆ. ಬಂದವನ ವಾದನ ಹಿಂದಿನಂತಿರದಿದ್ದರೆ "ಮೊದಲಿನ ಹಾಗಿಲ್ಲ" ಎಂದು ಮೂಗು ಮುರಿಯುವುದೂ ಬೇಡ, ಅಯ್ಯೋ ಪಾಪವೆಂದು ಹೊಗಳುವುದೂ ಬೇಡ. ಏನು ಕೇಳಿಸುತ್ತಿದೆಯೋ ಅದನ್ನು ಕೇಳೋಣ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ. ದೇವಾಲಯದಲ್ಲಿ ಹಾಡುವುದು ಸೇವೆ, ಸೇವೆಗೆ ಕೂಲಿಯೇ ಎಂಬುದು ಒಂದು. ಸೇವೆಯೆಂಬುದು ಮಾಡುವವನು ತನ್ನ ಬಾಯಿಂದ ಹೇಳಬಹುದಾದ ಮಾತು. ಮಾಡಿಸಿಕೊಳ್ಳುವವರು ಅದನ್ನು ಹೇಳಿ ತಮ್ಮ ಹೊಣೆ ಕಳಚಿಕೊಳ್ಳಲಾಗದು. ಉಚಿತವಾಗಿಯೇ ನುಡಿಸುವವನು ಗಾಯಗೊಂಡಾಗ ಅವನ ಮೇಲೆ ನಮ್ಮ ಋಣ ಹೆಚ್ಚೇ ಹೊರತು ಕಡಿಮೆಯಲ್ಲ. ಹಣವೆಲ್ಲಿದೆ ಎಂಬುದು ಎರಡನೆಯದು. ಅನೇಕ ಧರ್ಮಕೇಂದ್ರಗಳು ಬಡವೆಂಬುದು ನಿಜ. ಪೋಪ್ ಹದಿಮೂರನೆಯ ಲಿಯೋ ಅವರು 1891ರಲ್ಲಿ ಕಾರ್ಮಿಕರ ಸ್ಥಿತಿಗತಿಯನ್ನು ಕುರಿತು ಬರೆದ ವಿಶ್ವಪತ್ರದಲ್ಲಿ, ಅಪಘಾತ ಮತ್ತು ಕಾಯಿಲೆಯ ಕಾಲಕ್ಕೆಂದು ದುಡಿಯುವವರೇ ಕೂಡಿಕಟ್ಟುವ ಪರಸ್ಪರ ಸಹಾಯದ ಸಂಘಗಳನ್ನು ಪ್ರೋತ್ಸಾಹಿಸಿದ್ದರು. ಬ್ಯಾಂಡಿನವರು, ಆರ್ಕೆಸ್ಟ್ರಾದವರು, ಗಾನವೃಂದದವರು ಪ್ರತಿ ಕಾರ್ಯಕ್ರಮದಿಂದ ಸ್ವಲ್ಪ ಸ್ವಲ್ಪ ತೆಗೆದಿಡುವ ನಿಧಿಯೊಂದಕ್ಕೆ, ಪ್ರತಿ ಮದುವೆಯ ಮನೆಯವರೂ ಪಟಾಕಿಗೆ ಇಡುವ ಹಣದಲ್ಲಿ ಒಂದಂಶವನ್ನು ಸೇರಿಸಿದರೆ ಅದು ಬೆಳೆಯದೆ ಇರದು. ನಿಧಿಯ ಲೆಕ್ಕವನ್ನು ಧರ್ಮಕೇಂದ್ರದ ಪಾಲನಾ ಸಮಿತಿ ನೋಡಿಕೊಳ್ಳಲಿ.

ನಮ್ಮ ಮಕ್ಕಳಲ್ಲಿ ಕೆಲವರು ಸಂಗೀತವನ್ನೇ ವೃತ್ತಿಯಾಗಿ ಹಿಡಿಯಬೇಕೆಂದು ಬಯಸುವಾಗ ತಂದೆತಾಯಂದಿರು ಭಯಪಡುತ್ತಾರೆ. ಆ ಭಯ ಅಕಾರಣವಲ್ಲ. ಮಗನಿಗೆ ವಿದ್ಯೆ ಸಾಲದೆಂಬುದಕ್ಕಿಂತ, ಬಿದ್ದ ದಿನ ಹಿಡಿಯುವವರಿಲ್ಲವೆಂಬುದೇ ಅವರ ನಿಜವಾದ ಆತಂಕ. ಅದನ್ನು ಹೋಗಲಾಡಿಸುವುದು ಉಪದೇಶದಿಂದ ಆಗುವ ಕೆಲಸವಲ್ಲ. ಮುಂದಿನ ಪಾಲನಾ ಸಮಿತಿಯ ಸಭೆಯಲ್ಲಿ ಹಬ್ಬದ ಖರ್ಚಿನ ಪಟ್ಟಿ ಬರೆಯುವಾಗ, ದೀಪಾಲಂಕಾರ, ಶಾಮಿಯಾನ, ಬ್ಯಾಂಡು ಎಂಬ ಸಾಲುಗಳ ಕೆಳಗೆ ಇನ್ನೊಂದು ಸಾಲು ಸೇರಲಿ: ನುಡಿಸಲಾಗದೆ ಮನೆಯಲ್ಲಿರುವವರಿಗೆ. ಮೊತ್ತ ಎಷ್ಟೇ ಸಣ್ಣದಿರಲಿ, ಮೊದಲು ಆ ಸಾಲು ಇರಲಿ.